ಸ್ವಿಂಗ್‌ನಲ್ಲಿ ರೈಟ್ ಕ್ಲಿಕ್ ಮೆನು: ಪೇಸ್ಟ್ ಬೇರೆ ಕಡೆ ಹೋಗುತ್ತಿದ್ದರೆ

ನಮಸ್ಕಾರ. ಜಾವಾದಲ್ಲಿ ವಿಂಡೋ, ಬಟನ್ ಮಾಡುವ ಸ್ವಿಂಗ್ ಲೈಬ್ರರಿ ಬಳಸಿ, ಒಂದೊಂದು ಜೆಟೆಕ್ಸ್ಟ್‌ಫೀಲ್ಡ್‌ಗೂ (ಒಂದು ಸಾಲು ಟೈಪ್ ಮಾಡುವ ಪೆಟ್ಟಿಗೆ) ಸಬ್‌ಕ್ಲಾಸ್ (ಅದರಿಂದ ಹುಟ್ಟಿದ ಹೊಸ ಕ್ಲಾಸ್) ಬರೆದು ಕಟ್, ಕಾಪಿ, ಪೇಸ್ಟ್ ಮೆನು ಕೊಟ್ಟಿದ್ದೀರಿ, ಆದರೂ ಪೇಸ್ಟ್ ಮಾಡಿದರೆ ಬೇರೆ ಫೀಲ್ಡ್‌ಗೆ ಹೋಗುತ್ತದೆ ಅಂದಿರಲ್ವಾ? ಕಾರಣ ಇದು. ಸ್ವಿಂಗ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಫೀಲ್ಡ್‌ಗೆ ಫೋಕಸ್ (ಟೈಪ್ ಮಾಡಿದ್ದು ಅಲ್ಲಿಗೆ ಹೋಗುವ ಸ್ಥಿತಿ) ಬರುವುದಿಲ್ಲ. ನೀವು ಬಳಸಿರುವ, ಸ್ವಿಂಗ್ ಜೊತೆಗೇ ಬರುವ ಡಿಫಾಲ್ಟ್‌ಎಡಿಟರ್‌ಕಿಟ್‌ನ ಪೇಸ್ಟ್‌ಆಕ್ಷನ್ ಕೊನೆಯ ಬಾರಿ ಫೋಕಸ್ ಇದ್ದ ಫೀಲ್ಡ್ ಹುಡುಕಿ ಅಲ್ಲಿಗೆ ಪೇಸ್ಟ್ ಮಾಡುತ್ತದೆ.

ಸಬ್‌ಕ್ಲಾಸ್ ಎಲ್ಲ ತೆಗೆದುಬಿಡಿ. ಮೆನು ಅನ್ನುವುದು ಫೀಲ್ಡ್‌ನ ಒಂದು ಬಗೆ ಅಲ್ಲ, ಅದಕ್ಕೆ ಜೋಡಿಸುವ ವಸ್ತು. ಒಂದೇ ಜೆಪಾಪ್‌ಅಪ್‌ಮೆನು (ರೈಟ್ ಕ್ಲಿಕ್‌ಗೆ ತೆರೆಯುವ ಮೆನು) ಮಾಡಿ, ಎಲ್ಲ ಫೀಲ್ಡ್‌ಗೂ ಸೆಟ್‌ಕಾಂಪೊನೆಂಟ್‌ಪಾಪ್‌ಅಪ್‌ಮೆನು ಮೆಥಡ್ ಮೂಲಕ ಅದನ್ನೇ ಕೊಡಿ. ಜಾವಾ 5ರಿಂದ ಈ ಸೌಲಭ್ಯ ಇದೆ. ಮೌಸ್ ಲಿಸನರ್ (ಮೌಸ್ ಕ್ಲಿಕ್‌ಗೆ ಕಾಯುವ ಕೋಡ್) ಕೂಡ ಬೇಡ. ಕೈಯಾರೆ ಬರೆದರೆ ವಿಂಡೋಸ್‌ಗೆ ಮೌಸ್ ಬಟನ್ ಬಿಟ್ಟಾಗ, ಲಿನಕ್ಸ್ ಮತ್ತು ಮ್ಯಾಕ್‌ಗೆ ಒತ್ತಿದಾಗ ಅಂತ ಎರಡೂ ಕಡೆ ನೋಡಬೇಕು, ಸುಮ್ನೆ ತಲೆನೋವು. ಸೆಟ್‌ಕಾಂಪೊನೆಂಟ್‌ಪಾಪ್‌ಅಪ್‌ಮೆನು ಬಳಸಿದರೆ ಕೀಬೋರ್ಡ್‌ನಲ್ಲಿ ಶಿಫ್ಟ್ ಎಫ್10 ಒತ್ತಿದರೂ ಮೆನು ಬರುತ್ತದೆ. ಮೌಸ್ ಬಳಸಲಾಗದವರಿಗೆ ಅದು ಬೇಕೇ ಬೇಕು.

ಪ್ರತಿ ಆಕ್ಷನ್ (ಕಟ್, ಕಾಪಿ, ಪೇಸ್ಟ್ ಆಯ್ದಾಗ ನಡೆಯುವ ಕೋಡ್) ಒಳಗೆ ಮೆನುವಿನ ಗೆಟ್‌ಇನ್‌ವೋಕರ್ ಮೆಥಡ್ ಕರೆಯಿರಿ. ಕ್ಲಿಕ್ ಆದ ಫೀಲ್ಡ್ ಸಿಗುತ್ತದೆ. ಅದನ್ನು ಜೆಟೆಕ್ಸ್ಟ್‌ಕಾಂಪೊನೆಂಟ್ (ಎಲ್ಲ ಪಠ್ಯ ಫೀಲ್ಡ್‌ಗಳ ಮೂಲ ಕ್ಲಾಸ್) ಆಗಿ ಕ್ಯಾಸ್ಟ್ ಮಾಡಿ, ಅಂದರೆ ಆ ಬಗೆಯದೆಂದು ಜಾವಾಗೆ ಹೇಳಿ, ಅದರ ಪೇಸ್ಟ್ ಮೆಥಡ್ ಕರೆದರೆ ಮುಗೀತು.

ಮೆನು ತೆರೆಯುವ ಹೊತ್ತಿಗೆ ಪಾಪ್‌ಅಪ್‌ಮೆನುಲಿಸನರ್‌ನಲ್ಲಿ (ಮೆನು ತೆರೆಯುವುದನ್ನು ತಿಳಿಸುವ ಕೋಡ್) ಫೀಲ್ಡ್‌ನ ಸ್ಥಿತಿ ನೋಡಿ. ಏನೂ ಸೆಲೆಕ್ಟ್ ಆಗಿಲ್ಲದಿದ್ದರೆ ಕಟ್, ಕಾಪಿ ಮಂಕಾಗಲಿ. ಓದಲು ಮಾತ್ರ ಇರುವ ಫೀಲ್ಡ್ ಆದರೆ ಕಟ್, ಪೇಸ್ಟ್ ಎರಡೂ. ಜೆಪಾಸ್‌ವರ್ಡ್‌ಫೀಲ್ಡ್ (ಪಾಸ್‌ವರ್ಡ್ ಬರೆಯುವ ಫೀಲ್ಡ್) ಇದ್ದರೆ ಅಲ್ಲಿ ಕಟ್, ಕಾಪಿಯನ್ನು ಯಾವಾಗಲೂ ಮಂಕಾಗಿಸಿ. ಆ ಕ್ಲಾಸ್ ಅವೆರಡನ್ನೂ ತಾನೇ ತಡೆದು ಬರೀ ಬೀಪ್ ಮಾಡುತ್ತದೆ.