ಮಿಷನ್ ಇಂಪಾಸಿಬಲ್ ಸರಣಿಯ ಎಂಟನೆಯ ಚಿತ್ರಕ್ಕೆ ಮುಂಚೆ ಹಳೆಯದೆಲ್ಲ ನೋಡಲೇಬೇಕಾ?

ಹೀಗೆ ಕೇಳಿದ ನೀವು, ದಾವಣಗೆರೆಯ ಹಾಸ್ಟೆಲ್‌ನಲ್ಲಿ ಶನಿವಾರ, ಭಾನುವಾರ ಎರಡೇ ದಿನ ಬಿಡುವು ಅಂದಿದ್ದೀರಿ. ಹಾಗಾದರೆ ಎಲ್ಲವೂ ಬೇಡ. ಎರಡನೆಯದನ್ನು (2000) ಬಿಡಿ, ಅಭಿಮಾನಿಗಳಲ್ಲೇ ಬಹಳ ಜನಕ್ಕೆ ಅದು ಹಿಡಿಸಿಲ್ಲ, ಮುಂದಿನ ಕಥೆಗೂ ಬೇಕಾಗಿಲ್ಲ. ಮೊದಲನೆಯದು (1996) ನಿಧಾನ ಅಂತ ಗೊಣಗುವವರಿದ್ದಾರೆ, ಆದರೂ ನೋಡಿ. ನಾಯಕ ಹಗ್ಗಕ್ಕೆ ನೇತಾಡಿ ಗೂಢಚಾರರ ಹೆಸರುಗಳ ಪಟ್ಟಿ ಕದಿಯುತ್ತಾನಲ್ಲ, ಆ ಕೋಣೆಯ ನೌಕರ 2025ರ ಎಂಟನೆಯದರಲ್ಲಿ ಮತ್ತೆ ಬರುತ್ತಾನೆ. ಮೂರನೆಯದರ ‘ರ‍್ಯಾಬಿಟ್ಸ್ ಫೂಟ್’ (ಎಲ್ಲರೂ ಬೆನ್ನಟ್ಟುವ ನಿಗೂಢ ವಸ್ತು) ಏನೆಂಬುದೂ ಎಂಟನೆಯದರಲ್ಲೇ ಬಿಡಿಸಿಕೊಳ್ಳುತ್ತದೆ.

5 ಮತ್ತು 6ಕ್ಕೆ ಖಳ ಒಬ್ಬನೇ, ಒಟ್ಟಿಗೆ ನೋಡಿ. 7ರ ಕಥೆ ಮುಗಿಯುವುದೇ 8ರಲ್ಲಿ. ಆರನೆಯದೇ (2018) ಎಲ್ಲಕ್ಕಿಂತ ಮೇಲು ಎನ್ನುವವರು ಜಾಸ್ತಿ, ನನ್ನ ಮತವೂ ಅದಕ್ಕೇ. ಲಂಡನ್ನಿನ ಛಾವಣಿ ಜಿಗಿತದಲ್ಲಿ ಟಾಮ್ ಕ್ರೂಸ್ ಕಾಲಿನ ಗಿಣ್ಣು ಮುರಿದ ಶಾಟನ್ನೇ ಚಿತ್ರದಲ್ಲಿ ಉಳಿಸಿದ್ದಾರೆ. ಗೋಡೆ ಹತ್ತಿ ಕುಂಟುತ್ತಾ ಕ್ಯಾಮೆರಾ ದಾಟುವುದು ಸ್ಪಷ್ಟವಾಗಿ ಕಾಣುತ್ತದೆ. ಫೋನ್‌ನಲ್ಲಿ ಬೇಡ, ದೊಡ್ಡ ಪರದೆ ಹುಡುಕಿಕೊಳ್ಳಿ.