ಅಮೆರಿಕದಲ್ಲಿ ಭಾರತೀಯರು ಯಾವತ್ತಾದರೂ ‘ಬಿಳಿಯರು’ ಅನಿಸಿಕೊಂಡಿದ್ದರಾ?
ಹೌದು, ಅನಿಸಿಕೊಂಡಿದ್ದರು. ಆಮೇಲೆ ಕೋರ್ಟೇ ಆ ಪಟ್ಟಿಯಿಂದ ತೆಗೆಯಿತು!

1790ರ ಕಾನೂನಿನ ಪ್ರಕಾರ, ವಲಸೆ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. (1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು.) ಆದರೆ ಬಿಳಿಯ ಅಂದರೆ ಯಾರು ಅಂತ ಅದರಲ್ಲಿ ಬರೆದಿರಲಿಲ್ಲ.

1922ರಲ್ಲಿ ಜಪಾನಿನ ತಕಾವೊ ಒಜಾವಾ, ನಮ್ಮ ಚರ್ಮವೂ ಬಿಳಿಯೇ ಅಲ್ವಾ ಎಂದು ವಾದಿಸಿದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚರ್ಮದ ಬಣ್ಣ ಲೆಕ್ಕಕ್ಕಿಲ್ಲ, ‘ಕಕೇಷಿಯನ್’ (ಆಗಿನ ಪಂಡಿತರು ಬಿಳಿಯರನ್ನು ಸೇರಿಸುತ್ತಿದ್ದ ಗುಂಪು) ಜನಾಂಗದವರಾಗಿರಬೇಕು ಎಂದಿತು.

ಮೂರೇ ತಿಂಗಳಿಗೆ ಭಗತ್ ಸಿಂಗ್ ಥಿಂಡ್ ಅವರ ಕೇಸು ಬಂತು. ಪಂಜಾಬಿನವರು, ಒಂದನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಪಂಡಿತರ ಲೆಕ್ಕದಲ್ಲಿ ಉತ್ತರ ಭಾರತೀಯರು ಕಕೇಷಿಯನ್ನರೇ. ಸಾಲದ್ದಕ್ಕೆ ತಾನು ಮೇಲ್ಜಾತಿಯ ಆರ್ಯ ಅಂತಲೂ ವಾದ ಹೂಡಿದರು. ನಮ್ಮ ಜಾತಿ ಅಲ್ಲಿಗೂ ಹೋಗಿತ್ತು ನೋಡಿ. ಈ ಸಲ, ಒಜಾವಾ ಕೇಸಿನ ತೀರ್ಪು ಬರೆದಿದ್ದ ಅದೇ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಪ್ಲೇಟು ಬದಲಿಸಿದರು: ಪಂಡಿತರ ವರ್ಗೀಕರಣ ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯ ಅನ್ನುತ್ತಾರೋ ಅವರೇ ಬಿಳಿಯರು. ಆ ಲೆಕ್ಕದಲ್ಲಿ ಥಿಂಡ್ ಬಿಳಿಯರಲ್ಲ ಎಂದಾಯಿತು. ಅದಾಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು. ದಾರಿ ಮತ್ತೆ ತೆರೆದಿದ್ದು 1946ರಲ್ಲಿ.

ತಮಾಷೆ ಅಂದರೆ, 1970ರ ಅಮೆರಿಕದ ಜನಗಣತಿ ಭಾರತೀಯರನ್ನು ಸುಮ್ನೆ ‘ಬಿಳಿಯರು’ ಅಂತಲೇ ಎಣಿಸಿತು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಕಾಲಂ ಬಂತು.