ಕೆಲಸ ಬಿಡದೆ ಎಚ್‌ಆರ್‌ಡಿಯಲ್ಲಿ ಪಿಎಚ್‌ಡಿ ಮಾಡಬಹುದಾ?

ಕಂಪನಿಯಲ್ಲಿ ಟ್ರೈನಿಂಗ್ ನೋಡಿಕೊಳ್ಳುತ್ತಿದ್ದೀರಿ, ಕೆಲಸದಲ್ಲಿ ಇದ್ದುಕೊಂಡೇ ಮಾನವ ಸಂಪನ್ಮೂಲ ಅಭಿವೃದ್ಧಿಯಲ್ಲಿ (ಎಚ್‌ಆರ್‌ಡಿ) ಪಿಎಚ್‌ಡಿ ಮಾಡಬಹುದಾ, ಮಾಡಿದರೆ ಏನು ಉಪಯೋಗ ಅಂತ ಕೇಳಿದ್ದೀರಿ. ಮಾಡಬಹುದು, ನಾನೂ ಹಾಗೇ ಮಾಡಿದ್ದು. ಆದರೆ ಬರೀ ಪ್ರಮೋಷನ್‌ಗೋಸ್ಕರ ಅಂದರೆ ಬೇಡ. ಪಿಎಚ್‌ಡಿ ಕಲಿಸುವುದು ಸಂಶೋಧನೆ ಮಾಡುವುದನ್ನು, ವಿಭಾಗ ನಡೆಸುವುದನ್ನಲ್ಲ. ಮುಂದೆ ಪಾಠ ಮಾಡಬೇಕು, ಸಂಶೋಧನೆಯಲ್ಲೇ ಇರಬೇಕು ಅನ್ನುವ ಆಸೆ ಇದ್ದರೆ ಮಾತ್ರ ಇಷ್ಟು ವರ್ಷ ಹಾಕುವುದಕ್ಕೆ ಅರ್ಥ ಇದೆ.

ಎಚ್‌ಆರ್ ಬೇರೆ, ಎಚ್‌ಆರ್‌ಡಿ ಬೇರೆ. ನೇಮಕಾತಿ, ಸಂಬಳ, ಯೂನಿಯನ್ ಮಾತುಕತೆ ಎಚ್‌ಆರ್‌ಡಿಯಲ್ಲಿ ಬರುವುದಿಲ್ಲ. ಈ ಕ್ಷೇತ್ರದ ತಜ್ಞೆ ಪೆಟ್ರೀಷಿಯಾ ಮ್ಯಾಕ್‌ಲಗನ್ 1989ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ ತರಬೇತಿ, ಸಂಸ್ಥೆಯ ಬೆಳವಣಿಗೆ, ಕೆರಿಯರ್ ಬೆಳವಣಿಗೆ, ಈ ಮೂರು ಎಚ್‌ಆರ್‌ಡಿ ಕೆಳಗೆ ಬರುತ್ತವೆ. ನಿಮ್ಮ ಸಂಶೋಧನೆಯ ಪ್ರಶ್ನೆ ಇಲ್ಲಿಂದ ಹುಟ್ಟಬೇಕು.

ಹೆಚ್ಚಿನವರು "ಉದ್ಯೋಗಿಗಳ ತೃಪ್ತಿ" ಅಂತ ಏನೋ ಒಂದು ಟಾಪಿಕ್ ಹಿಡಿದು, ಪ್ರಶ್ನಾವಳಿ ಹಂಚಿ ಮುಗಿಸಲು ನೋಡುತ್ತಾರೆ. ಅದರ ಮೇಲೆ ಆಗಲೇ ಸಂಶೋಧನೆಯ ರಾಶಿ ಬಿದ್ದಿದೆ. ನಿಮ್ಮ ಕೆಲಸದಲ್ಲೇ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇದೆ. ಟ್ರೈನಿಂಗ್ ಮುಗಿದ ಮೇಲೆ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಎಲ್ಲರೂ "ಚೆನ್ನಾಗಿತ್ತು" ಅಂತ ಬರೆಯುತ್ತಾರೆ, ಆಮೇಲೆ ಹಳೇ ರೀತಿಯಲ್ಲೇ ಕೆಲಸ ಮಾಡುತ್ತಾರೆ, ಅಲ್ವಾ? ಟ್ರೈನಿಂಗ್ ಫಲ ಕೊಟ್ಟಿತಾ ಅಂತ ಅಳೆಯಲು ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಹಂತ ಹೇಳಿದ್ದರು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ಎಷ್ಟೋ ಕಡೆ ಇನ್ನೂ ಮೊದಲನೇ ಹಂತ ದಾಟಿಲ್ಲ. ಕಲಿತದ್ದು ಕೆಲಸಕ್ಕೆ ಇಳಿಯಬೇಕಾದರೆ ಕಲಿಯುವವರು, ತರಬೇತಿಯ ವಿನ್ಯಾಸ, ಕೆಲಸದ ವಾತಾವರಣ ಮೂರೂ ಲೆಕ್ಕಕ್ಕೆ ಬರುತ್ತವೆ ಅಂತ ಸಂಶೋಧಕರಾದ ಬಾಲ್ಡ್ವಿನ್ ಮತ್ತು ಫೋರ್ಡ್ 1988ರಲ್ಲಿ ಬರೆದರು. ನನಗೆ ಕುತೂಹಲ ಹುಟ್ಟಿಸಿದ್ದು ಮೂರನೆಯದು, ಅದರಲ್ಲೂ ಮ್ಯಾನೇಜರ್ ಪಾತ್ರ.

ಈಗ ಯಾರೂ ಮುಂಚೆ ಹೇಳದ ವಿಷಯ, ಡೇಟಾ. ಗೈಡ್ ಸಿಗುತ್ತಾರೆ, ಪುಸ್ತಕ ಸಿಗುತ್ತದೆ, ಆದರೆ ತಮ್ಮ ಜನರನ್ನು ನೀವು ಪ್ರಶ್ನೆ ಕೇಳಲು ಬಿಡುವ ಕಂಪನಿ ಸುಲಭಕ್ಕೆ ಸಿಗುವುದಿಲ್ಲ. ಒಬ್ಬರು ಬಾಯಿಮಾತಲ್ಲಿ ಹೂಂ ಅನ್ನುತ್ತಾರೆ, ಅವರು ಕೆಲಸ ಬಿಟ್ಟು ಹೋಗುತ್ತಾರೆ, ಬಂದ ಹೊಸಬರು ಲೀಗಲ್ ವಿಭಾಗದ ಕಡೆ ಕೈ ತೋರಿಸುತ್ತಾರೆ. ಹಾಗಾಗಿ ಟಾಪಿಕ್ ಪಕ್ಕಾ ಮಾಡುವ ಮುಂಚೆಯೇ ಅನುಮತಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ನಮ್ಮ ಕಂಪನಿಯಲ್ಲೇ ಮಾಡಿಬಿಡ್ತೀನಿ ಅಂದುಕೊಂಡಿರಬಹುದು. ಟ್ರೈನಿಂಗ್ ನಡೆಸುವವರೇ ಫಾರ್ಮ್ ಕೊಟ್ಟರೆ "ಟ್ರೈನಿಂಗ್ ದಂಡ" ಅಂತ ಯಾರು ಬರೆಯುತ್ತಾರೆ ಹೇಳಿ? ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಯವರೂ ಇದನ್ನೇ ಕೇಳುತ್ತಾರೆ. ಇನ್ನೊಂದು, ಒಬ್ಬರೇ ಒಂದೇ ಸಲ ಕೂತು ಟ್ರೈನಿಂಗ್ ಬಗ್ಗೆಯೂ ತಮ್ಮ ಕೆಲಸದ ಬಗ್ಗೆಯೂ ಅಂಕ ಹಾಕಿಕೊಂಡರೆ ಆ ಎರಡರ ನಡುವೆ ನಂಟು ಇಲ್ಲದಿದ್ದರೂ ಇರುವ ಹಾಗೆ ಕಾಣಬಹುದು. ಪರೀಕ್ಷಕರು ಮೊದಲು ಕೈ ಹಾಕುವುದೇ ಅಲ್ಲಿಗೆ. ಕೆಲಸದ ಅಂಕವನ್ನು ಮೇಲ್ವಿಚಾರಕರಿಂದ ತೆಗೆದುಕೊಳ್ಳಿ, ಅದೂ ಕೆಲವು ತಿಂಗಳು ಬಿಟ್ಟು.

ಅಂಕಿಅಂಶದ ಕೆಲಸವನ್ನು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬೇಡಿ, ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆಯಲ್ಲಿ) ಉತ್ತರ ಕೊಡಬೇಕಾದವರು ನೀವು. ಲೆಕ್ಕ ಬೇಡ, ಸಂದರ್ಶನ ಮಾಡ್ತೀನಿ ಅಂದರೂ ಸುಲಭ ಅಲ್ಲ. ಒಂದು ಗಂಟೆ ಮಾತನ್ನು ಬರಹಕ್ಕೆ ಇಳಿಸಿ ನೋಡಿ, ಗೊತ್ತಾಗುತ್ತದೆ.

ಗೈಡ್ ವಿಷಯದಲ್ಲಿ ಹೆಸರು ನೋಡಿ ಹೋಗಬೇಡಿ. ಅವರ ಹತ್ತಿರ ಕೆಲಸ ಮಾಡಿಕೊಂಡೇ ಓದುತ್ತಿರುವ ಒಬ್ಬರನ್ನು ಹುಡುಕಿ, ಕಳಿಸಿದ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಅಂತ ಕೇಳಿ. ತಿಂಗಳುಗಟ್ಟಲೆ ಅಂದರೆ ಬೇರೆಯವರನ್ನು ನೋಡಿಕೊಳ್ಳಿ.